ಯಾವ ಸ್ಟೇಟಿನ ಯೂನಿವರ್ಸಿಟಿ ಚೆನ್ನಾಗಿದೆ ಅಂತ ಕೇಳುವವರು ಕೊನೇ ಕ್ಯಾಂಪಸ್ಸನ್ನೂ ಒಮ್ಮೆ ನೋಡಿ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗ್‌ನಲ್ಲಿ ಒಂದು ಕೆಲಸ, ನಾರ್ತ್ ಕೆರೊಲಿನಾದ ರಾಲಿಯಲ್ಲಿ ಇನ್ನೊಂದು. ಸಂಬಳ ಹೆಚ್ಚೂಕಡಿಮೆ ಒಂದೇ. ನನ್ನ ಗೆಳೆಯನೊಬ್ಬ ಈ ಎರಡು ಆಫರ್ ಕೈಯಲ್ಲಿಟ್ಟುಕೊಂಡು ಮೂರು ವಾರ ನಿದ್ದೆಗೆಟ್ಟ. ಗ್ರೀನ್ ಕಾರ್ಡ್ ಬಂದಾಗಿದೆ, ಮಗ ಎಂಟನೇ ಕ್ಲಾಸಿನಲ್ಲಿದ್ದಾನೆ, ಈ ಸಲ ಮನೆ ತಗೊಂಡರೆ ಅವನ ಕಾಲೇಜು ಮುಗಿಯುವವರೆಗೂ ಅಲ್ಲೇ. ಒಂದು ರಾತ್ರಿ ಫೋನ್ ಮಾಡಿ ನೇರವಾಗಿ ಕೇಳಿದ: "ಬೇರೆಲ್ಲ ಬಿಡೋ, ಯಾವ ಸ್ಟೇಟಿನ ಯೂನಿವರ್ಸಿಟಿ ಚೆನ್ನಾಗಿದೆ ಹೇಳು. ಅಲ್ಲಿಗೇ ಹೋಗ್ತೀನಿ."

"ರಾಲಿ ಪಕ್ಕದಲ್ಲೇ ಚಾಪೆಲ್ ಹಿಲ್ ಇದೆ, ಕಣ್ಣು ಮುಚ್ಚಿಕೊಂಡು ಹೋಗು" ಅಂದೆ.

ಫೋನ್ ಇಟ್ಟ ಮೇಲೆ ಇರುಸುಮುರುಸಾಯಿತು. ಅವನು ಕೇಳಿದ್ದು ಇಡೀ ಸ್ಟೇಟಿನ ಬಗ್ಗೆ, ನಾನು ಹೇಳಿದ್ದು ಅಲ್ಲಿನ ಸರ್ಕಾರಿ ಯೂನಿವರ್ಸಿಟಿಯ ಒಂದು ಹೆಸರುವಾಸಿ ಕ್ಯಾಂಪಸ್ಸಿನ ಬಗ್ಗೆ. ಹುಡುಗನಿಗೆ ಅಲ್ಲಿ ಸೀಟು ಸಿಗದಿದ್ದರೆ? ಹೆಸರುವಾಸಿ ಕ್ಯಾಂಪಸ್ಸಿನಲ್ಲಿ ಸೀಟು ಸಿಗದ ಮಕ್ಕಳೇ ಎಲ್ಲ ಸ್ಟೇಟಿನಲ್ಲೂ ಜಾಸ್ತಿ ಅಲ್ವಾ? ಅನ್ನ ಬೆಂದಿದೆಯಾ ಅಂತ ತಿಳಿಯೋಕೆ ಒಂದು ಅಗುಳು ಹಿಸುಕಿ ನೋಡಿದರೆ ಸಾಕು ಅಂತಾರೆ. ಅದು ಒಂದೇ ಪಾತ್ರೆಯಲ್ಲಿ ಬೆಂದ ಅನ್ನಕ್ಕೆ ಸರಿ. ಅಮೆರಿಕದ ದೊಡ್ಡ ಸ್ಟೇಟಿನಲ್ಲಿ ಹತ್ತಿಪ್ಪತ್ತು ಸರ್ಕಾರಿ ಕ್ಯಾಂಪಸ್ ಇರುತ್ತವೆ, ಒಂದೊಂದಕ್ಕೂ ಬೇರೆ ಪಾತ್ರೆ, ಬೇರೆ ಒಲೆ. ಕೆಲವು ಒಲೆಗೆ ಸೌದೆಯೇ ಇಲ್ಲ.

ಹಾಗಾಗಿ ಆಮೇಲೆ ಅವನಿಗೆ ಕಂತುಕಂತಾಗಿ ಹೇಳಿದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ವ್ಯವಸ್ಥೆ ಹೇಗಿದೆ ನೋಡೋಣ. ನಮ್ಮ ಐಐಟಿ, ಕೇಂದ್ರೀಯ ವಿಶ್ವವಿದ್ಯಾಲಯಗಳ ಥರ ದಿಲ್ಲಿಯಿಂದ ನಡೆಯುವ ಸಂಸ್ಥೆಗಳು ಅಲ್ಲಿಲ್ಲ. ಸೇನಾ ಅಕಾಡೆಮಿಗಳಂಥ ಕೆಲವನ್ನು ಬಿಟ್ಟರೆ ಸರ್ಕಾರಿ ಯೂನಿವರ್ಸಿಟಿ ಅಂದರೆ ರಾಜ್ಯದ್ದೇ. ಹಾರ್ವರ್ಡ್, ಸ್ಟ್ಯಾನ್‌ಫರ್ಡ್ ಹೆಸರು ನಾವು ದಿನಾ ಕೇಳುತ್ತೇವೆ. ಆದರೆ ಆ ದೇಶದ ಕಾಲೇಜು ವಿದ್ಯಾರ್ಥಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಓದುವುದು ಸರ್ಕಾರಿ ಕಾಲೇಜುಗಳಲ್ಲಿ. ಇಂಥ ಸರ್ಕಾರಿ ಕ್ಯಾಂಪಸ್ಸುಗಳ ಕೂಟಕ್ಕೆ ಅಲ್ಲಿ 'ಸಿಸ್ಟಮ್' ಅಂತಾರೆ, ಆ ಪದ ಕೇಳಿ ನಮ್ಮ ವಿಟಿಯು ನೆನಪಿಸಿಕೊಳ್ಳಬೇಡಿ. ಬೆಳಗಾವಿಯಿಂದ ಒಂದೇ ಸಿಲೆಬಸ್ಸು, ಒಂದೇ ಪ್ರಶ್ನೆಪತ್ರಿಕೆ ಎಲ್ಲ ಕಾಲೇಜಿಗೆ ಬರುವ ಹಾಗೆ ಅಲ್ಲಿ ನಡೆಯುವುದಿಲ್ಲ. ಪಾಠ ಮಾಡುವ ಮೇಷ್ಟ್ರೇ ಪರೀಕ್ಷೆ ಇಟ್ಟು ಮಾರ್ಕ್ಸ್ ಹಾಕುತ್ತಾರೆ. ಸಿಸ್ಟಮ್ ಅಂದರೆ ಮೇಲೆ ಒಂದು ಆಡಳಿತ ಮಂಡಳಿ, ಅದರ ಕೆಳಗೆ ಹಲವು ಕ್ಯಾಂಪಸ್ಸು, ಬಜೆಟ್ಟಿನಲ್ಲಿ ಯಾರಿಗೆಷ್ಟು ಅನ್ನುವ ಜಗಳ. ಅಷ್ಟೇ.

ಇನ್ನು ಹೆಸರುಗಳು. ಯೂನಿವರ್ಸಿಟಿ ಆಫ್ ಪೆನ್ಸಿಲ್ವೇನಿಯಾ ಖಾಸಗಿ, ಪೆನ್ ಸ್ಟೇಟ್ ಸರ್ಕಾರದ ನೆರವಿನದು. ಯೂನಿವರ್ಸಿಟಿ ಆಫ್ ಮಯಾಮಿ ಫ್ಲೋರಿಡಾದ ಖಾಸಗಿ ಸಂಸ್ಥೆ, ಮಯಾಮಿ ಯೂನಿವರ್ಸಿಟಿ ಇರುವುದು ಒಹಾಯೋದಲ್ಲಿ, ಅದು ಸರ್ಕಾರಿ. ಇಂಡಿಯಾನಾ ಯೂನಿವರ್ಸಿಟಿ ಆಫ್ ಪೆನ್ಸಿಲ್ವೇನಿಯಾ ಅಂತ ಒಂದಿದೆ, ಇಂಡಿಯಾನಾ ಅನ್ನುವುದು ಅಲ್ಲಿನ ಒಂದು ಊರು. ಅರ್ಜಿ ಹಾಕುವ ಮುಂಚೆ ಊರು, ರಾಜ್ಯ, ಸರ್ಕಾರಿಯೋ ಖಾಸಗಿಯೋ, ಮೂರನ್ನೂ ನೋಡಿಕೊಳ್ಳಿ.

ಈ ಯೂನಿವರ್ಸಿಟಿಗಳಲ್ಲಿ ಬಹಳಷ್ಟು ಹುಟ್ಟಿದ ಕಥೆ ನಮ್ಮ ಹೆಬ್ಬಾಳದವರೆಗೂ ಬರುತ್ತದೆ. 1862ರಲ್ಲಿ, ಅಂತರ್ಯುದ್ಧ ನಡೆಯುತ್ತಿರುವಾಗಲೇ, ಲಿಂಕನ್ ಮೊರಿಲ್ ಕಾಯ್ದೆಗೆ ಸಹಿ ಹಾಕಿದರು. ಒಂದು ರಾಜ್ಯಕ್ಕೆ ಕಾಂಗ್ರೆಸ್ಸಿನಲ್ಲಿ, ಅಂದರೆ ಅಲ್ಲಿನ ಸಂಸತ್ತಿನಲ್ಲಿ, ಎಷ್ಟು ಜನ ಪ್ರತಿನಿಧಿಗಳೋ ತಲೆಗೆ 30,000 ಎಕರೆಯಂತೆ ಜಮೀನು, ಅದನ್ನು ಮಾರಿ ಬಂದ ಹಣದಲ್ಲಿ ಬೇಸಾಯ ಮತ್ತು ಎಂಜಿನಿಯರಿಂಗ್ ಕಲಿಸುವ ಕಾಲೇಜು. (ಆ ಜಮೀನು ಅಲ್ಲಿನ ಮೂಲನಿವಾಸಿಗಳ ಕೈಯಿಂದ ಹೋದದ್ದು.) ಪಾಠ, ಸಂಶೋಧನೆ, ರೈತರ ಹೊಲಕ್ಕೇ ಹೋಗಿ ಹೇಳಿಕೊಡುವುದು, ಮೂರೂ ಒಂದೇ ಸೂರಿನಡಿ ಅನ್ನುವ ಪದ್ಧತಿ ಈ ಕಾಲೇಜುಗಳಲ್ಲಿ ಬೆಳೆಯಿತು. ನೂರು ವರ್ಷದ ನಂತರ ಭಾರತ ಕೃಷಿ ವಿಶ್ವವಿದ್ಯಾಲಯಗಳನ್ನು ಕಟ್ಟಲು ಹೊರಟಾಗ ಇದೇ ಮಾದರಿ ತಂದಿತು. 1964ರಲ್ಲಿ ಶುರುವಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಕೈಜೋಡಿಸಿದವರು ಯೂನಿವರ್ಸಿಟಿ ಆಫ್ ಟೆನ್ನೆಸ್ಸೀಯವರು. ಜಿಕೆವಿಕೆ ಕೃಷಿಮೇಳಕ್ಕೆ ಹೋಗಿ ರಾಗಿ ತಳಿ ನೋಡಿ, ಒಂದು ಕೈಚೀಲ ಬೀಜ ಹಿಡಿದುಕೊಂಡು ಬಂದವರು ಈ ಅಮೆರಿಕನ್ ಮಾದರಿಯನ್ನು ಹತ್ತಿರದಿಂದ ನೋಡಿದ್ದೀರಿ ಅಂತಲೇ ಲೆಕ್ಕ.

ಆದರೆ ಅದೇ ಟೆನ್ನೆಸ್ಸೀಯಲ್ಲಿ ಇನ್ನೊಂದು ಮುಖ ಇದೆ. 1890ರಲ್ಲಿ ಎರಡನೇ ಮೊರಿಲ್ ಕಾಯ್ದೆ ಬಂತು. ಕರಿಯರನ್ನು ಸೇರಿಸಿಕೊಳ್ಳಿ, ಇಲ್ಲವೇ ಅವರಿಗೆ ಬೇರೆ ಕಾಲೇಜು ಕೊಡಿ ಅಂತ ರಾಜ್ಯಗಳಿಗೆ ಹೇಳಿತು. ದಕ್ಷಿಣದ ರಾಜ್ಯಗಳು ಬೇರೆ ಕಾಲೇಜನ್ನೇ ಕೊಟ್ಟವು, ಆಮೇಲೆ ಅದಕ್ಕೆ ಕೊಡಬೇಕಾದ ದುಡ್ಡು ಕೊಡಲಿಲ್ಲ. 2023ರಲ್ಲಿ ಕೇಂದ್ರ ಸರ್ಕಾರ 16 ರಾಜ್ಯಗಳ ಗವರ್ನರ್‌ಗಳಿಗೆ ಪತ್ರ ಬರೆದು, ಸುಮಾರು 30 ವರ್ಷದಲ್ಲಿ ಈ ಕಾಲೇಜುಗಳಿಗೆ ಸಿಗಬೇಕಾಗಿದ್ದ 12 ಬಿಲಿಯನ್ ಡಾಲರ್‌ಗೂ ಜಾಸ್ತಿ ಹಣ ಸಿಕ್ಕಿಲ್ಲ ಅಂತ ಲೆಕ್ಕ ಮುಂದಿಟ್ಟಿತು. ನ್ಯಾಶ್‌ವಿಲ್‌ನ ಟೆನ್ನೆಸ್ಸೀ ಸ್ಟೇಟ್ ಅಂಥದೊಂದು ಕಾಲೇಜು, ಅದೊಂದಕ್ಕೇ 2 ಬಿಲಿಯನ್ ಮೀರಿದ ಬಾಕಿ. ಒಂದು ರಾಜ್ಯದ ದೊಡ್ಡ ಕ್ಯಾಂಪಸ್ ನೋಡಿ ಆ ರಾಜ್ಯಕ್ಕೆ ಮಾರ್ಕ್ಸ್ ಹಾಕುವವರಿಗೆ ಈ ಲೆಕ್ಕ ಕಾಣುವುದೇ ಇಲ್ಲ.

ಕ್ಯಾಲಿಫೋರ್ನಿಯಾದ ಮಾತು ಬಂದರೆ ಎಲ್ಲರಿಗೂ ಬರ್ಕ್ಲಿ, ಯುಸಿಎಲ್‌ಎ ನೆನಪಾಗುತ್ತದೆ. ನನಗೆ ಅಲ್ಲಿ ಜಾಸ್ತಿ ಇಷ್ಟವಾಗುವುದು ಅವುಗಳಿಗೆ ಹೋಗುವ ದಾರಿ. 1960ರಲ್ಲಿ ಆಗಿನ ಯೂನಿವರ್ಸಿಟಿ ಅಧ್ಯಕ್ಷ ಕ್ಲಾರ್ಕ್ ಕೆರ್ ಮುಂದಾಳತ್ವದಲ್ಲಿ ಅಲ್ಲಿ 'ಮಾಸ್ಟರ್ ಪ್ಲಾನ್' ಅಂತ ಒಂದು ಮಾಡಿದರು. ಹೈಸ್ಕೂಲು ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಭಾಗಕ್ಕೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅಂದರೆ ಯುಸಿ. ಮೇಲಿನ ಮೂರನೇ ಒಂದು ಭಾಗಕ್ಕೆ ರಾಜ್ಯದ ಇನ್ನೊಂದು ಸಿಸ್ಟಮ್ಮಾದ ಕ್ಯಾಲ್ ಸ್ಟೇಟ್. ಉಳಿದವರಿಗೆಲ್ಲ ಕಮ್ಯುನಿಟಿ ಕಾಲೇಜು, ಅಂದರೆ ಎರಡು ವರ್ಷದ ಸ್ಥಳೀಯ ಕಾಲೇಜು, ಅಲ್ಲಿ ಬಂದವರಿಗೆಲ್ಲ ಸೀಟು. ಇಷ್ಟೇ ಆಗಿದ್ದರೆ ಇದು ಹುಡುಗರನ್ನು ಮೂರು ಜಾತಿ ಮಾಡಿದ ಹಾಗಾಗುತ್ತಿತ್ತು. ಕೆಳಗಿನಿಂದ ಮೇಲಕ್ಕೆ ಹತ್ತೋಕೆ ಒಂದು ಏಣಿ ಇಟ್ಟಿದ್ದರಿಂದ ಅದಕ್ಕೆ ಬೆಲೆ ಬಂತು.

ಆ ಏಣಿ ಹೇಗಿದೆ ಅಂತ ಹತ್ತಿರದಿಂದ ನೋಡಿ. ಕ್ಯುಪರ್ಟಿನೋದಲ್ಲಿ ಡಿ ಆನ್ಜಾ ಅಂತ ಕಮ್ಯುನಿಟಿ ಕಾಲೇಜು ಇದೆ. ಅಲ್ಲಿ ಸೇರಿದ ಹುಡುಗಿಯೊಬ್ಬಳು 'ಅಸಿಸ್ಟ್' ಅನ್ನುವ ಸರ್ಕಾರಿ ವೆಬ್‌ಸೈಟ್ ತೆರೆಯುತ್ತಾಳೆ ಅಂತಿಟ್ಟುಕೊಳ್ಳಿ. ಒಂದು ಕಡೆ ತನ್ನ ಕಾಲೇಜು, ಇನ್ನೊಂದು ಕಡೆ ಯುಸಿ ಡೇವಿಸ್, ಕೆಳಗೆ ತಾನು ಓದಬೇಕಾದ ವಿಷಯ ಆರಿಸುತ್ತಾಳೆ. ಪರದೆ ಎರಡು ಭಾಗವಾಗುತ್ತದೆ. ಎಡಗಡೆ ಡೇವಿಸ್‌ನ ಕ್ಯಾಲ್ಕುಲಸ್, ಅದರ ಎದುರಿಗೆ ಡಿ ಆನ್ಜಾದ ಯಾವ ಕೋರ್ಸು ಅದಕ್ಕೆ ಸಮ ಅಂತ. ಕೆಳಗೆ ಫಿಸಿಕ್ಸು, ಅದರ ಎದುರಿಗೆ ಇನ್ನೊಂದು. ಸಮ ಇಲ್ಲದಿದ್ದರೆ ಇಲ್ಲ ಅಂತಲೇ ಬರೆದಿರುತ್ತದೆ. ಆ ಪಟ್ಟಿ ಹಿಡಿದುಕೊಂಡು ಎರಡು ವರ್ಷ ಓದಿ, ಕೇಳಿದಷ್ಟು ಗ್ರೇಡ್ ತೆಗೆದರೆ ಡೇವಿಸ್, ಅರ್ವೈನ್, ಸಾಂಟಾ ಬಾರ್ಬರಾ ಸೇರಿದಂತೆ ಆರು ಯುಸಿ ಕ್ಯಾಂಪಸ್ಸುಗಳು ಸೀಟಿನ ಖಾತ್ರಿಯನ್ನೇ ಕೊಡುತ್ತವೆ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋ ಖಾತ್ರಿ ಕೊಡುವುದಿಲ್ಲ, ಆದರೂ ಪ್ರತಿ ವರ್ಷ ಸಾವಿರಾರು ಜನ ಅಲ್ಲಿಗೂ ಹೀಗೇ ಹೋಗುತ್ತಾರೆ. ಕೊನೆಗೆ ಸಿಗುವ ಡಿಗ್ರಿಯ ಮೇಲೆ 'ಇವಳು ಹಿಂಬಾಗಿಲಿಂದ ಬಂದವಳು' ಅಂತ ಎಲ್ಲೂ ಬರೆದಿರುವುದಿಲ್ಲ. ನಮ್ಮವರಲ್ಲಿ ಕಮ್ಯುನಿಟಿ ಕಾಲೇಜು ಅಂದರೆ ಮುಖ ಸಿಂಡರಿಸುವವರು ಜಾಸ್ತಿ, ಪಾರ್ಟಿಗಳಲ್ಲಿ ಆ ಮಾತು ಬಂದರೆ ದನಿ ಇಳಿಸುತ್ತಾರೆ. ಸುಮ್ನೆ ಹೇಳುತ್ತಿಲ್ಲ, ಎರಡು ವರ್ಷದ ಫೀಸು ಉಳಿಸಿದ ಬುದ್ಧಿವಂತರು ಅವರೇ.

ಕ್ಯಾಲಿಫೋರ್ನಿಯಾದಲ್ಲಿ ಎಲ್ಲ ಚೆನ್ನಾಗಿದೆ ಅಂತ ಅಲ್ಲ. 2008ರ ಆರ್ಥಿಕ ಕುಸಿತದ ನಂತರ ರಾಜ್ಯ ಕೈ ಬಿಗಿ ಮಾಡಿತು, 2009ರ ನವೆಂಬರಿನಲ್ಲಿ ಯುಸಿ ಒಂದೇ ಏಟಿಗೆ ಫೀಸನ್ನು 32% ಏರಿಸುವ ತೀರ್ಮಾನ ಮಾಡಿತು. ದುಡ್ಡಿಗಾಗಿ ಹೊರರಾಜ್ಯದವರನ್ನು, ವಿದೇಶಿಯರನ್ನು ಜಾಸ್ತಿ ತೆಗೆದುಕೊಂಡಾಗ ಸ್ಥಳೀಯರು ಬೊಬ್ಬೆ ಹಾಕಿದರು, 2017ರಲ್ಲಿ ಅದಕ್ಕೆ 18%ರ ಮಿತಿ ಬಂತು. ಈಗ ರಾಜ್ಯದ ಮಕ್ಕಳಿಗೆ ಯುಸಿ ಫೀಸು ವರ್ಷಕ್ಕೆ 14-15 ಸಾವಿರ ಡಾಲರ್ ಆಸುಪಾಸು, ಹೊರಗಿನವರು ಅದರ ಮೇಲೆ 34 ಸಾವಿರಕ್ಕೂ ಜಾಸ್ತಿ ಕೊಡಬೇಕು. ಫೀಸಿಗಿಂತ ಬಾಡಿಗೆಯೇ ಅನೇಕರನ್ನು ಹಿಂಡುತ್ತದೆ. ಹಾಗಿದ್ದೂ ಯುಸಿಯಲ್ಲಿ ಡಿಗ್ರಿ ಓದಿಸುವ ಒಂಬತ್ತು ಕ್ಯಾಂಪಸ್ಸುಗಳ ಪೈಕಿ ಎಂಟು, ದೇಶದ ದೊಡ್ಡ ಸಂಶೋಧನಾ ಯೂನಿವರ್ಸಿಟಿಗಳ ಕೂಟವಾದ ಎಎಯುನಲ್ಲಿವೆ. ಹೊರಗಿರುವುದು 2005ರಲ್ಲಿ ಬಾಗಿಲು ತೆರೆದ ಮರ್ಸೆಡ್ ಒಂದೇ. ನೋಡಿ, ಒಂದು ಗೋಪುರ ಮಾತ್ರ ಎತ್ತರ ಮಾಡಿ ಸುಮ್ಮನಾದವರಲ್ಲ ಇವರು.

ಟೆಕ್ಸಾಸ್ ಕಥೆ ಇನ್ನೊಂದು ಥರ, ಅದರಲ್ಲಿ ಸಿನಿಮಾಕ್ಕಾಗುವಷ್ಟು ಸರಕಿದೆ. 1876ರ ಸಂವಿಧಾನದಲ್ಲಿ ಯೂನಿವರ್ಸಿಟಿ ಖರ್ಚಿಗೆ ಅಂತ 10 ಲಕ್ಷ ಎಕರೆ ಜಮೀನು ಬರೆದುಕೊಟ್ಟರು, 1883ರಲ್ಲಿ ಇನ್ನೊಂದು 10 ಲಕ್ಷ. ಉದಾರ ಮನಸ್ಸು ಅಂದುಕೊಳ್ಳಬೇಡಿ, ಅದು ಪಶ್ಚಿಮ ಟೆಕ್ಸಾಸಿನ ಕುರುಚಲು ಕಾಡು, ದನ ಮೇಯಿಸಲು ಬಾಡಿಗೆಗೆ ಕೊಟ್ಟರೆ ಪುಡಿಗಾಸು ಬರುತ್ತಿತ್ತು. ಅಲ್ಲೊಂದು ಕಡೆ ಎಣ್ಣೆಬಾವಿ ಕೊರೆಯಲು ಹೊರಟವರು, ಆಗದ ಕೆಲಸ ಆಗಿಸಿಕೊಡುವ ಸಂತಳು ಅಂತ ಹೆಸರಾದ ಸಾಂತಾ ರೀಟಾಳ ಹೆಸರನ್ನು ಬಾವಿಗೆ ಇಟ್ಟು, ಹರಕೆಯಂತೆ ಗೋಪುರದ ತುದಿಯಿಂದ ಗುಲಾಬಿ ಎಸಳು ಚೆಲ್ಲಿದರಂತೆ. 1923ರ ಮೇ 28ಕ್ಕೆ ಎಣ್ಣೆ ಚಿಮ್ಮಿತು. ಅವತ್ತಿನಿಂದ ಆ ಹಣ ಒಂದು ಶಾಶ್ವತ ನಿಧಿಗೆ ಸೇರುತ್ತಲೇ ಇದೆ, ಅದು ಈಗ ಹತ್ತಾರು ಬಿಲಿಯನ್ ಡಾಲರಿನದು. ಅದರಿಂದ ಹಂಚುವ ಹಣದಲ್ಲಿ ಮೂರರಲ್ಲಿ ಎರಡು ಪಾಲು ಯೂನಿವರ್ಸಿಟಿ ಆಫ್ ಟೆಕ್ಸಾಸ್, ಅಂದರೆ ಯುಟಿ, ಸಿಸ್ಟಮ್ಮಿಗೆ, ಒಂದು ಪಾಲು ಇನ್ನೊಂದು ಸಿಸ್ಟಮ್ಮಾದ ಟೆಕ್ಸಾಸ್ ಎ ಅಂಡ್ ಎಂಗೆ.

ಎರಡೇ ಮಕ್ಕಳಿಗೆ ಅಪ್ಪನ ಆಸ್ತಿ! ಹ್ಯೂಸ್ಟನ್ ಯೂನಿವರ್ಸಿಟಿ, ಟೆಕ್ಸಾಸ್ ಟೆಕ್ ಮುಂತಾದವು ದಶಕಗಟ್ಟಲೆ ಹೊರಗೆ ನಿಂತು ನೋಡುತ್ತಿದ್ದವು. 2023ರ ನವೆಂಬರಿನಲ್ಲಿ ಜನ ಓಟು ಹಾಕಿ ಇಂಥ ನಾಲ್ಕು ಯೂನಿವರ್ಸಿಟಿಗಳಿಗೆ 3.9 ಬಿಲಿಯನ್ ಡಾಲರಿನ ಬೇರೆ ನಿಧಿ ಮಾಡಿಕೊಟ್ಟರು. ತಡವಾಗಿಯಾದರೂ ಬುದ್ಧಿ ಬಂತು. ಟೆಕ್ಸಾಸಿನ ಇನ್ನೊಂದು ವಿಶೇಷ 1997ರ ಕಾಯ್ದೆ: ಯಾವ ಹಳ್ಳಿಯ ಹೈಸ್ಕೂಲೇ ಆಗಲಿ, ನಿಮ್ಮ ಸ್ಕೂಲಿನ ಮೇಲಿನ 10%ರಲ್ಲಿದ್ದರೆ ರಾಜ್ಯದ ಯಾವ ಸರ್ಕಾರಿ ಯೂನಿವರ್ಸಿಟಿಗೂ ಸೀಟು ಖಾತ್ರಿ. ಯುಟಿಯ ಮುಖ್ಯ ಕ್ಯಾಂಪಸ್ಸಾದ ಆಸ್ಟಿನ್ ತುಂಬಿ ತುಳುಕಿ, ಅಲ್ಲಿಗೆ ಮಾತ್ರ ಈ ಶೇಕಡಾ ಇನ್ನೂ ಕೆಳಗಿಳಿಯಿತು. ನಮ್ಮ ಜನಕ್ಕೆ ಇದರಿಂದ ಬಂದಿರುವ ಪೇಚು ಏನೆಂದರೆ, 'ಒಳ್ಳೇ ಸ್ಕೂಲ್ ಡಿಸ್ಟ್ರಿಕ್ಟ್' ಅಂತ ಹುಡುಕಿ ದುಬಾರಿ ಮನೆ ಕೊಳ್ಳುತ್ತಾರೆ, ಆ ಸ್ಕೂಲಿನ ತುಂಬ ಇವರ ಮಕ್ಕಳಂಥವರೇ ಇರುತ್ತಾರೆ, ಆಮೇಲೆ ಮಗ ಮೇಲಿನ ಐದಾರು ಪರ್ಸೆಂಟಿನಲ್ಲಿ ಬರಲಿಲ್ಲ ಅಂತ ಗೋಳಾಡುತ್ತಾರೆ.

ಈಶಾನ್ಯದ ರಾಜ್ಯಗಳು ಯಾಕೆ ಈ ವಿಷಯದಲ್ಲಿ ಹಿಂದೆ? ಅಲ್ಲಿ ಹಳೇ ಖಾಸಗಿ ಕಾಲೇಜುಗಳು ಮೊದಲೇ ಬೇರೂರಿದ್ದವು. ನ್ಯೂಯಾರ್ಕ್ ರಾಜ್ಯದ 1862ರ ಜಮೀನಿನ ಲಾಭ ಹೋದದ್ದು ಖಾಸಗಿ ಕಾರ್ನೆಲ್‌ಗೆ. ಸರ್ಕಾರಿ ಸುನಿ (ಸ್ಟೇಟ್ ಯೂನಿವರ್ಸಿಟಿ ಆಫ್ ನ್ಯೂಯಾರ್ಕ್) ಶುರುವಾದದ್ದು 1948ರಲ್ಲಿ, ಆಗ ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ 80 ವರ್ಷ. ಸುನಿಯಲ್ಲಿ 64 ಕ್ಯಾಂಪಸ್ ಇದ್ದರೂ 'ಇದೇ ನಮ್ಮ ದೊಡ್ಡಣ್ಣ' ಅಂತ ತೋರಿಸುವ ಒಂದು ಹೆಸರಿರಲಿಲ್ಲ. 2022ರಲ್ಲಿ ಗವರ್ನರ್ ಬಫಲೋ ಮತ್ತು ಸ್ಟೋನಿಬ್ರೂಕ್ ಎರಡನ್ನೂ ಫ್ಲ್ಯಾಗ್‌ಶಿಪ್ ಅಂತ ಸಾರಿದರು. ನನ್ನ ಪ್ರಕಾರ ಒಂದು ತಲೆ ಇಲ್ಲದಿರುವುದು ಅಂಥ ದೊಡ್ಡ ಕೊರತೆಯೇನಲ್ಲ, ರ‍್ಯಾಂಕಿಂಗ್ ಪಟ್ಟಿಯಲ್ಲಿ ಕಾಣಿಸುವುದು ಮಾತ್ರ ಕಷ್ಟ. ಅದರ ಪಕ್ಕದಲ್ಲೇ ನಗರದ್ದೇ ಆದ ಕ್ಯುನಿ (ಸಿಟಿ ಯೂನಿವರ್ಸಿಟಿ ಆಫ್ ನ್ಯೂಯಾರ್ಕ್) ಇದೆ. 1847ರಲ್ಲಿ 'ಫ್ರೀ ಅಕಾಡೆಮಿ' ಅಂತ ಶುರುವಾಗಿ, 1976ರವರೆಗೆ ಫೀಸೇ ಇಲ್ಲದೆ ವಲಸೆ ಬಂದವರ ಮಕ್ಕಳನ್ನು ಓದಿಸಿದ ಪರಂಪರೆ ಅದರದು.

ಪೆನ್ಸಿಲ್ವೇನಿಯಾ ನನ್ನ ಗೆಳೆಯನ ಒಂದು ಆಯ್ಕೆಯಾಗಿದ್ದರಿಂದ ಅದನ್ನು ಸ್ವಲ್ಪ ನಿಂತು ನೋಡಿದೆ. ಅಲ್ಲಿ ಎರಡು ಗುಂಪು. ಪೆನ್ ಸ್ಟೇಟ್, ಪಿಟ್ (ಯೂನಿವರ್ಸಿಟಿ ಆಫ್ ಪಿಟ್ಸ್‌ಬರ್ಗ್), ಟೆಂಪಲ್, ಲಿಂಕನ್ ನಾಲ್ಕೂ 'ಸರ್ಕಾರಕ್ಕೆ ಸಂಬಂಧಪಟ್ಟವು', ಅರ್ಧ ಸರ್ಕಾರಿ ಅನ್ನಿ. ಸರ್ಕಾರ ಕೊಡುವುದು ಕಡಿಮೆ, ಆದ್ದರಿಂದ ರಾಜ್ಯದ ಮಕ್ಕಳಿಗೂ ಪೆನ್ ಸ್ಟೇಟಿನ ಮುಖ್ಯ ಕ್ಯಾಂಪಸ್ಸಿನಲ್ಲಿ ವರ್ಷಕ್ಕೆ 20 ಸಾವಿರ ಡಾಲರ್ ಆಸುಪಾಸು. ಇನ್ನೊಂದು ಗುಂಪು ಪೂರ್ತಿ ಸರ್ಕಾರಿ, ಅದರಲ್ಲಿ 14 ಯೂನಿವರ್ಸಿಟಿ ಇದ್ದವು. ಫೀಸು 7,700 ಡಾಲರಿಗೆ ಏಳು ವರ್ಷ ಕಟ್ಟಿಹಾಕಿದ್ದರು. ಹಾಗಿದ್ದೂ 2010ರ ಸುಮಾರಿಗೆ 1.2 ಲಕ್ಷದ ಹತ್ತಿರ ಇದ್ದ ವಿದ್ಯಾರ್ಥಿಗಳ ಸಂಖ್ಯೆ ಆಮೇಲೆ ಕಾಲುಭಾಗಕ್ಕಿಂತ ಜಾಸ್ತಿ ಇಳಿಯಿತು. 2022ರಲ್ಲಿ ಆರು ಯೂನಿವರ್ಸಿಟಿಗಳನ್ನು ಕೂಡಿಸಿ ಎರಡು ಮಾಡಿದರು. 2025ರ ಮೇನಲ್ಲಿ ಪೆನ್ ಸ್ಟೇಟ್ ಕೂಡ ತನ್ನ ಏಳು ಸಣ್ಣ ಕ್ಯಾಂಪಸ್ಸುಗಳನ್ನು 2027ರ ಹೊತ್ತಿಗೆ ಮುಚ್ಚುವ ತೀರ್ಮಾನ ತೆಗೆದುಕೊಂಡಿತು. ಓದಿಸುವ ವಯಸ್ಸಿನ ಮಕ್ಕಳೇ ಆ ಊರುಗಳಲ್ಲಿ ಕಡಿಮೆಯಾಗುತ್ತಿದ್ದಾರೆ. ಪಿಟ್, ಪೆನ್ ಸ್ಟೇಟ್ ಎರಡೂ ಒಳ್ಳೇ ಯೂನಿವರ್ಸಿಟಿ, ಅದರಲ್ಲಿ ಮಾತಿಲ್ಲ. ಆದರೆ ಅವೆರಡರ ಬಾಗಿಲು ದಾಟಲಾಗದ, ಅಥವಾ ದಾಟಿದರೂ ದುಡ್ಡು ಹೊಂದಿಸಲಾಗದ ಹುಡುಗನಿಗೆ ರಾಜ್ಯ ಏನು ಕೊಡುತ್ತದೆ ಅನ್ನುವುದು ಅಲ್ಲಿ ಇಕ್ಕಟ್ಟಿನ ಪ್ರಶ್ನೆ.

ಮಿಷಿಗನ್‌ನಲ್ಲಿ ಸಿಸ್ಟಮ್ಮೇ ಇಲ್ಲ. 15 ಸರ್ಕಾರಿ ಯೂನಿವರ್ಸಿಟಿ, ಪ್ರತಿಯೊಂದಕ್ಕೂ ತನ್ನದೇ ಮಂಡಳಿ. ಯೂನಿವರ್ಸಿಟಿ ಆಫ್ ಮಿಷಿಗನ್‌ನ ಎಂಟು ಜನ ರೀಜೆಂಟರನ್ನು, ಅಂದರೆ ಮಂಡಳಿ ಸದಸ್ಯರನ್ನು, ಜನರೇ ಓಟು ಹಾಕಿ ಆರಿಸುತ್ತಾರೆ, ನಮ್ಮ ಸೆನೆಟ್ ಚುನಾವಣೆಯ ಗಲಾಟೆ ಇಡೀ ರಾಜ್ಯಕ್ಕೆ ಹರಡಿದ ಹಾಗೆ. ಸಂವಿಧಾನವೇ ಸ್ವಾಯತ್ತತೆ ಕೊಟ್ಟಿರುವುದರಿಂದ ಆನ್ ಆರ್ಬರ್ ಕ್ಯಾಂಪಸ್ ತನ್ನ ಪಾಡಿಗೆ ತಾನು ಬೆಳೆಯಿತು. ಅಲ್ಲಿ ಡಿಗ್ರಿ ಓದುವವರಲ್ಲಿ ಸುಮಾರು ಅರ್ಧ ಹೊರಗಿನವರು. ಹೊರಗಿನವರ ಭಾರೀ ಫೀಸು ಒಳಗಿನವರ ಫೀಸನ್ನು ಹಿಡಿದಿಡುತ್ತದೆ ಅನ್ನುವ ವಾದ ಇದೆ, ಸೀಟು ಹೋಯಿತಲ್ಲ ಅನ್ನುವ ಗೊಣಗಾಟವೂ ಇದೆ. ನಾರ್ತ್ ಕೆರೊಲಿನಾದಲ್ಲಿ ಇದಕ್ಕೆ ಕಡಿವಾಣ ಬಿದ್ದು ಎಷ್ಟೋ ಕಾಲವಾಗಿದೆ. 1980ರ ದಶಕದಿಂದಲೇ ಚಾಪೆಲ್ ಹಿಲ್‌ನಲ್ಲಿ ಹೊಸದಾಗಿ ಸೇರುವವರಲ್ಲಿ 18%ಗಿಂತ ಜಾಸ್ತಿ ಹೊರರಾಜ್ಯದವರು ಇರುವ ಹಾಗಿಲ್ಲ.

ಫ್ಲೋರಿಡಾದ ಬಗ್ಗೆ ಒಂದು ಮಾತು. ರಾಜಕೀಯದ ಕೈ ಅಲ್ಲಿನ ಕ್ಲಾಸ್‌ರೂಮಿಗೂ ಬಂದಿದೆ, ಅದು ನನಗೆ ಹಿಡಿಸುವುದಿಲ್ಲ. ಆದರೆ ಎರಡು ವಿಷಯದಲ್ಲಿ ಅವರನ್ನು ಮೆಚ್ಚಲೇಬೇಕು. ಯೂನಿವರ್ಸಿಟಿ ಆಫ್ ಫ್ಲೋರಿಡಾದಲ್ಲಿ ರಾಜ್ಯದ ಮಕ್ಕಳಿಗೆ ವರ್ಷಕ್ಕೆ ಸುಮಾರು 6,400 ಡಾಲರ್, ಒಳ್ಳೇ ಮಾರ್ಕ್ಸ್ ಇದ್ದರೆ 1997ರಿಂದ ಇರುವ ಬ್ರೈಟ್ ಫ್ಯೂಚರ್ಸ್ ಸ್ಕಾಲರ್‌ಶಿಪ್ಪು ಅದನ್ನೂ ತುಂಬುತ್ತದೆ. ಎರಡನೆಯದು, ರಾಜ್ಯದ ಎಲ್ಲ ಸರ್ಕಾರಿ ಕಾಲೇಜಿನಲ್ಲೂ ಒಂದೇ ಕೋರ್ಸಿಗೆ ಒಂದೇ ನಂಬರು. ಸಣ್ಣ ಊರಿನ ಕಾಲೇಜಿನಲ್ಲಿ ಆ ನಂಬರಿನ ಕೋರ್ಸು ಮುಗಿಸಿದ್ದರೆ ಗೇನ್ಸ್‌ವಿಲ್‌ನಲ್ಲಿರುವ ಯೂನಿವರ್ಸಿಟಿ ಆಫ್ ಫ್ಲೋರಿಡಾದವರು 'ನಮ್ಮದರ ಮಟ್ಟಕ್ಕಿಲ್ಲ' ಅನ್ನುವ ಹಾಗಿಲ್ಲ. ಎರಡು ವರ್ಷದ ಎಎ ಡಿಗ್ರಿ ಮುಗಿಸಿದರೆ 12 ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಎಲ್ಲಾದರೂ ಒಂದರಲ್ಲಿ ಜಾಗ ಖಾತ್ರಿ.

ಹಾಗಾದರೆ ಅಳೆಯುವುದು ಹೇಗೆ? ಯುಎಸ್ ನ್ಯೂಸ್ ಪತ್ರಿಕೆಯ ರ‍್ಯಾಂಕಿಂಗ್ ಪಟ್ಟಿ 1983ರಿಂದ ಬರುತ್ತಿದೆ. ಅದರಲ್ಲಿ 20% ಅಂಕ ಬೇರೆ ಕಾಲೇಜುಗಳ ಅಧ್ಯಕ್ಷರು, ಡೀನ್‌ಗಳು ಮುಂತಾದವರ ಅಭಿಪ್ರಾಯಕ್ಕೆ. ಅಂದರೆ ಹೆಸರು ಇದ್ದವರಿಗೇ ಹೆಸರು. ಆರು ವರ್ಷದೊಳಗೆ ಎಷ್ಟು ಜನ ಡಿಗ್ರಿ ಮುಗಿಸಿದರು ಅನ್ನುವ ಲೆಕ್ಕ ಇದಕ್ಕಿಂತ ವಾಸಿ, ಅದರಲ್ಲೂ ಎರಡು ತೂತು. ಒಂದು, ಸರ್ಕಾರದ ಮುಖ್ಯ ಲೆಕ್ಕಕ್ಕೆ ಬರುವುದು ಮೊದಲ ಸಲ, ಫುಲ್‌ಟೈಮ್ ಸೇರಿದವರು ಮಾತ್ರ, ನಮ್ಮ ಡಿ ಆನ್ಜಾ ಹುಡುಗಿ ಅದರಲ್ಲಿಲ್ಲ. ಎರಡು, ಜಾಣರನ್ನೇ ಆರಿಸಿಕೊಂಡು ಅವರೆಲ್ಲ ಪಾಸಾದರು ಅಂತ ಬೀಗುವುದರಲ್ಲಿ ಮೇಷ್ಟ್ರ ಪಾಲು ಎಷ್ಟು?

ಅದಕ್ಕೇ ನನಗೆ ಅಟ್ಲಾಂಟಾದ ಜಾರ್ಜಿಯಾ ಸ್ಟೇಟ್ ಉದಾಹರಣೆ ಪದೇ ಪದೇ ನೆನಪಾಗುತ್ತದೆ. 2003ರಲ್ಲಿ ಅಲ್ಲಿ ಆರು ವರ್ಷದಲ್ಲಿ ಡಿಗ್ರಿ ಮುಗಿಸುತ್ತಿದ್ದವರು ಮೂರನೇ ಒಂದು ಭಾಗದಷ್ಟೇ. ಬಡ ಮಕ್ಕಳು, ಮನೆಯಲ್ಲಿ ಮೊದಲ ಸಲ ಕಾಲೇಜಿಗೆ ಬಂದವರು ಜಾಸ್ತಿ. ಅಲ್ಲಿನವರು ಕುಳಿತು ನೋಡಿದಾಗ ಗೊತ್ತಾಯಿತು, ಫೀಸಿನಲ್ಲಿ ಕೆಲವೇ ನೂರು ಡಾಲರ್ ಬಾಕಿ ಇದೆ ಅಂತ ಸೆಮಿಸ್ಟರಿನ ಮೊದಲ ವಾರವೇ ಹೆಸರು ಹೊಡೆದುಹಾಕಿದ ಮಕ್ಕಳಲ್ಲಿ ಎಷ್ಟೋ ಜನ ವಾಪಸ್ಸು ಬರುತ್ತಲೇ ಇರಲಿಲ್ಲ. ಓದಿನಲ್ಲಿ ಸರಿಯಾಗಿಯೇ ಇದ್ದವರು. 2011ರಿಂದ ಯೂನಿವರ್ಸಿಟಿ ಅಂಥವರ ಪಟ್ಟಿ ತೆಗೆದು, ಅರ್ಜಿ ಗಿರ್ಜಿ ಕೇಳದೆ ಆ ಬಾಕಿಯನ್ನು ತಾನೇ ತುಂಬತೊಡಗಿತು. ಜೊತೆಗೆ, ಯಾವ ಹುಡುಗ ತಪ್ಪು ಕೋರ್ಸು ತಗೊಂಡ, ಯಾರು ಮೊದಲ ಟೆಸ್ಟಿನಲ್ಲೇ ಎಡವಿದರು ಅಂತ ಕಂಪ್ಯೂಟರಿನಲ್ಲಿ ನಿಗಾ ಇಟ್ಟು ಸಲಹೆಗಾರರು ಕರೆದು ಮಾತಾಡಿಸಿದರು. ಡಿಗ್ರಿ ಮುಗಿಸುವವರ ಪ್ರಮಾಣ 50% ದಾಟಿತು, ಕರಿಯ ಮತ್ತು ಬಿಳಿಯ ವಿದ್ಯಾರ್ಥಿಗಳ ನಡುವಿನ ಅಂತರ ಅಳಿಸಿಹೋಯಿತು. ಇಷ್ಟಾದರೂ ಅದು ಆನ್ ಆರ್ಬರ್‌ನ ಸಂಖ್ಯೆಯ ಮುಂದೆ ಸಣ್ಣದಾಗಿಯೇ ಕಾಣುತ್ತದೆ. ಯಾರ ಕೆಲಸ ದೊಡ್ಡದು ಅಂತ ನೀವೇ ಯೋಚಿಸಿ.

2017ರಲ್ಲಿ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಜೊತೆಗಾರರು ತೆರಿಗೆ ದಾಖಲೆಗಳನ್ನೇ ಜಾಲಾಡಿ ಬೇರೆ ರೀತಿ ಅಳೆದರು: ತೀರಾ ಬಡ ಐದನೇ ಒಂದು ಭಾಗದ ಮನೆಗಳಿಂದ ಬಂದು, ಮುಂದೆ ದುಡಿಮೆಯಲ್ಲಿ ಮೇಲಿನ ಐದನೇ ಒಂದು ಭಾಗ ಮುಟ್ಟಿದವರು ಒಂದು ಕಾಲೇಜಿನಲ್ಲಿ ಎಷ್ಟು? ಮೊದಲು ಬಂದದ್ದು ಕ್ಯಾಲ್ ಸ್ಟೇಟ್ ಲಾಸ್ ಏಂಜಲೀಸ್, ನೂರಕ್ಕೆ ಸುಮಾರು ಹತ್ತು ಜನ. ಮುಂದಿನ ಸಾಲಿನಲ್ಲೇ ಸ್ಟೋನಿಬ್ರೂಕ್, ಕ್ಯುನಿ. ಹಾರ್ವರ್ಡಿಗೆ ಹೋದ ಬಡ ಮಕ್ಕಳೂ ಚೆನ್ನಾಗಿಯೇ ದುಡಿಯುತ್ತಾರೆ, ಆದರೆ ಅಲ್ಲಿಗೆ ಹೋಗುವವರು ಬೆರಳೆಣಿಕೆ.

ಊರಿಂದ ಎಂಎಸ್ ಮಾಡಲು ಹೊರಟವರಿಗೆ ಈ ಲೆಕ್ಕದಲ್ಲಿ ಬಹುಪಾಲು ಬೇಕಿಲ್ಲ. ನಿಮಗೆ ಸಿಸ್ಟಮ್ಮಿಗಿಂತ ಡಿಪಾರ್ಟ್‌ಮೆಂಟ್ ಮುಖ್ಯ: ಕಂಪ್ಯೂಟರ್ ಸೈನ್ಸಿಗೆ ಇಲಿನಾಯ್‌ನ ಅರ್ಬಾನಾ-ಶಾಂಪೇನ್, ಎಂಜಿನಿಯರಿಂಗಿಗೆ ಪರ್ಡ್ಯೂ, ಹೀಗೆ. ಎಫ್-1 ವೀಸಾದಲ್ಲಿ ಬಂದವರಿಗೆ ರಾಜ್ಯದವರ ಫೀಸು ಸಾಮಾನ್ಯವಾಗಿ ಸಿಗುವುದಿಲ್ಲ, ಅಸಿಸ್ಟೆಂಟ್‌ಶಿಪ್ (ಪಾಠಕ್ಕೋ ಸಂಶೋಧನೆಗೋ ನೆರವಾಗುವ ಕೆಲಸ) ಸಿಕ್ಕರೆ ಮಾತು ಬೇರೆ. ಅಲ್ಲೇ ನೆಲೆಸಿ ಮಕ್ಕಳನ್ನು ಡಿಗ್ರಿಗೆ ಕಳಿಸುವವರಿಗೆ ಸಾಮಾನ್ಯವಾಗಿ 12 ತಿಂಗಳ ವಾಸ ತೋರಿಸಬೇಕು. ಎಚ್-1ಬಿ, ಎಚ್-4 ಮನೆಗಳಿಗೆ ನಿಯಮ ರಾಜ್ಯಕ್ಕೊಂದು ಥರ, ಅದನ್ನು ವಾಟ್ಸಾಪ್ ಗುಂಪಿನಲ್ಲಿ ಕೇಳದೆ ಯೂನಿವರ್ಸಿಟಿಯ ರೆಸಿಡೆನ್ಸಿ ಪುಟದಲ್ಲೇ ಓದಿ.

ಗೆಳೆಯನಿಗೆ ಎರಡನೇ ಸಲ ಫೋನ್ ಮಾಡಿದಾಗ ಇದನ್ನೆಲ್ಲ ಹೇಳಿ, ಒಂದೇ ಕೆಲಸ ಕೊಟ್ಟೆ. "ಚಾಪೆಲ್ ಹಿಲ್ ಬಿಡು. ನಾರ್ತ್ ಕೆರೊಲಿನಾ ಸಿಸ್ಟಮ್ಮಿನಲ್ಲಿ 16 ಯೂನಿವರ್ಸಿಟಿ ಇವೆ. ನೀನು ಹೆಸರೇ ಕೇಳದ ಒಂದನ್ನು ತೆರೆದು ನೋಡು." ಆ ರಾಜ್ಯದ ಸಂವಿಧಾನದಲ್ಲೇ, ಸಾಧ್ಯವಾದ ಮಟ್ಟಿಗೆ ಜನರಿಗೆ ಖರ್ಚಿಲ್ಲದೆ ಯೂನಿವರ್ಸಿಟಿ ಓದು ಸಿಗಬೇಕು ಅಂತ ಬರೆದಿದೆ. ಚಾಪೆಲ್ ಹಿಲ್‌ನಲ್ಲೇ ರಾಜ್ಯದ ಮಕ್ಕಳಿಗೆ ಫೀಸೆಲ್ಲ ಸೇರಿ ವರ್ಷಕ್ಕೆ 9 ಸಾವಿರ ಡಾಲರಿನ ಆಸುಪಾಸು. 2018ರಿಂದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮೂರು ಸಣ್ಣ ಕ್ಯಾಂಪಸ್ಸುಗಳಲ್ಲಿ, ಈಗ ನಾಲ್ಕರಲ್ಲಿ, ರಾಜ್ಯದ ಮಕ್ಕಳಿಗೆ ಪಾಠದ ಫೀಸು ಸೆಮಿಸ್ಟರಿಗೆ 500 ಡಾಲರ್ ಮಾಡಿದ್ದಾರೆ. ಊಟ, ವಸತಿ, ಇತರೆ ಶುಲ್ಕ ಬೇರೆ.

ಅವನು ತೆರೆದದ್ದು ಎಲಿಜಬೆತ್ ಸಿಟಿ ಸ್ಟೇಟ್. 1891ರಲ್ಲಿ ಕರಿಯ ಮಕ್ಕಳಿಗಾಗಿ ಶುರುವಾದ ಸಂಸ್ಥೆ, ಸಮುದ್ರದ ಕಡೆಯ ಸಣ್ಣ ಊರು. 2014ರಲ್ಲಿ ಇದನ್ನು ಮುಚ್ಚಿಬಿಡೋಣವಾ ಅಂತ ರಾಜ್ಯದ ಸೆನೆಟ್ಟಿನಲ್ಲಿ ಮಾತು ಬಂದಿತ್ತು. ಈಗ 500 ಡಾಲರಿನ ನಾಲ್ಕರಲ್ಲಿ ಅದೂ ಒಂದು. ಅಪ್ಪ ಪುಟ ತಿರುವುತ್ತಿರುವಾಗ ಮಗ ಹಿಂದಿನಿಂದ ಬಂದು ಇಣುಕಿದನಂತೆ. ಅಲ್ಲಿ ವಿಮಾನ ಹಾರಿಸುವುದರಲ್ಲಿ ನಾಲ್ಕು ವರ್ಷದ ಡಿಗ್ರಿ ಇದೆ. ಹುಡುಗನಿಗೆ ಆರನೇ ವಯಸ್ಸಿನಿಂದ ವಿಮಾನದ ಹುಚ್ಚು.

ಈಗ ಅವರು ರಾಲಿಯಲ್ಲಿದ್ದಾರೆ. ಮೊನ್ನೆ ಫೋನಿನಲ್ಲಿ ಗೆಳೆಯ ಅಲವತ್ತುಕೊಂಡ: "ನೀನು ನೋಡು ಅಂದೆ, ನಾನು ನೋಡಿದೆ, ಅವನು ಹಿಡಿದುಕೊಂಡುಬಿಟ್ಟಿದ್ದಾನೆ. ಅಮ್ಮನಿಗೆ ಏನಂತ ಹೇಳಲಿ? ಹಾಸನದಲ್ಲಿ ಆ ಹೆಸರು ಒಬ್ಬರಿಗೂ ಗೊತ್ತಿಲ್ಲ ಮಾರಾಯ."